ಮೊದಲ ಎರಡು ದಿನದ ಹಾಲು ಮಗೂಗೆ ಸಿಗ್ಲಿಲ್ಲ, ಇಮ್ಯುನಿಟಿ ಹೋಯ್ತಾ? ಗೊತ್ತಿರೋರು ಬಿಡಿಸಿ ಹೇಳಿ

ತೊಟ್ಟಿಲು_ತೂಗೋನು

ಎಲ್ರಿಗೂ ನಮಸ್ಕಾರ. ಪೋಸ್ಟ್ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ. ನಮ್ಗೆ ಮಗಳು ಹುಟ್ಟಿ ಇವತ್ತಿಗೆ 11 ದಿನ. 36 ವಾರಕ್ಕೇ ಸಿಸೇರಿಯನ್ ಆಯ್ತು, ಉಸಿರು ಸ್ವಲ್ಪ ಜೋರಾಗಿ ಎಳೀತಿದೆ ಅಂತ ಎನ್‌ಐಸಿಯುಗೆ (ಹಸುಗೂಸುಗಳ ಐಸಿಯು) ಎತ್ಕೊಂಡ್ ಹೋದ್ರು, ಮೂರು ದಿನ ಅಲ್ಲೇ ಇತ್ತು. ತಾಯಿ ಹಾಲು ಹಿಂಡಿ ಕಳಿಸ್ಬಹುದು ಅಂತ ಯಾರೂ ಹೇಳ್ಲಿಲ್ಲ, ನಮ್ಗೂ ಕೇಳ್ಬೇಕು ಅಂತ ಹೊಳೀಲಿಲ್ಲ, ಪೌಡರ್ ಹಾಲಿನ ಡಬ್ಬ ತನ್ನಿ ಅಂತ ಚೀಟಿ ಕೊಟ್ರು, ಓಡಿಹೋಗಿ ತಂದ್ಕೊಟ್ಟೆ. ಇತ್ತ ವಾರ್ಡಲ್ಲಿ ಹೆಂಡ್ತಿ ಎರಡನೇ ದಿನ ಎದೆ ಬಿಗೀತಿದೆ ಅಂದಾಗ ಅವಳ ದೊಡ್ಡಮ್ಮ "ಅದು ಹಳದಿ ಹಾಲು ಕಣೇ, ಒಂಬತ್ ತಿಂಗಳು ಒಳಗೇ ನಿಂತಿದ್ದು, ಹಿಂಡಿ ಚೆಲ್ಬಿಡು" ಅಂದ್ರು. ಸ್ಟೀಲ್ ಲೋಟದ ತಳ ಮುಚ್ಚೋ ಅಷ್ಟು ಬಂತು, ಜೇನಿನ ಬಣ್ಣ, ಅಂಟಂಟು. ತಗೊಂಡೋಗಿ ವಾಷ್‌ಬೇಸಿನ್‌ಗೆ ಹುಯ್ದು ನಲ್ಲಿ ಬಿಟ್ಟಿದ್ದು ನಾನೇ.

ಮಗೂಗೆ ಅಮ್ಮನ ಹಾಲು ಮೊದ್ಲು ಸಿಕ್ಕಿದ್ದು 54 ಗಂಟೆ ಆದ್ಮೇಲೆ. ಈಗ ಚೆನ್ನಾಗೇ ಕುಡೀತಿದೆ. ಆದ್ರೆ ಮೊನ್ನೆ ಫ್ಯಾಮಿಲಿ ಗ್ರೂಪಲ್ಲಿ ಒಂದು ಫಾರ್ವರ್ಡ್ ಬಂತು, ಹುಟ್ಟಿದ ಮೊದಲ ಒಂದು ಗಂಟೆಲಿ ತಾಯಿ ಹಾಲು ಕುಡೀದ ಮಗೂಗೆ ಜೀವನ ಪೂರ್ತಿ ರೋಗನಿರೋಧಕ ಶಕ್ತಿ ಇರಲ್ಲ ಅಂತ. ಅವಾಗಿಂದ ಇವಳು ರಾತ್ರಿ ಹಾಲು ಕೊಡ್ತಾ ಕೊಡ್ತಾ ಅಳ್ತಾಳೆ. "ಏನೂ ಆಗಲ್ಲ ಬಿಡೇ" ಅಂದ್ರೆ ನಂಬಲ್ಲ, ಬಿಎಸ್ಸಿ ಓದಿದಾಳೆ, ಯಾಕೆ ಆಗಲ್ಲ ಅಂತ ಕೇಳ್ತಾಳೆ. ಹಾಗಾಗಿ ಸಮಾಧಾನ ಬೇಡ, ಆ ಮೊದಲ ಹಾಲು ನಿಜವಾಗ್ಲೂ ಮಗುವಿನ ಬಿಳಿ ರಕ್ತಕಣಕ್ಕೆ, ಆ ಕಣಗಳ ಕೆಲಸಕ್ಕೆ ಏನು ಮಾಡತ್ತೆ ಅನ್ನೋದನ್ನ ಗೊತ್ತಿರೋರು ಹೇಳಿ.

ಒಳಲೆ_ಚಮಚ

ಮೊದ್ಲು ಆ ಫಾರ್ವರ್ಡ್ ಹಾಕಿದ ಪುಣ್ಯಾತ್ಮರನ್ನ ಮ್ಯೂಟ್ ಮಾಡಿ. ನಂಗೆ ಹಾಲೇ ಸರಿಯಾಗಿ ಬರ್ಲಿಲ್ಲ, ಮಗ ಡಬ್ಬಿ ಹಾಲಲ್ಲೇ ಬೆಳೆದಿದ್ದು, ಈಗ 6 ವರ್ಷ, ಮನೆ ಗೇಟ್ ಮೇಲೆ ಹತ್ತಿ ಕೂತಿರ್ತಾನೆ. ಬಾಣಂತಿ ಕೋಣೆಗೆ ಬಂದೋರೆಲ್ಲ "ಹಾಲಿಲ್ವಾ" ಅಂತ ಕೇಳಿ ಕೇಳಿ ನನ್ನ ಅರ್ಧ ಸಾಯಿಸಿದ್ರು. ನಿಮ್ಮನೆಯವ್ರಿಗೆ ಇದನ್ನ ಓದಿ ಹೇಳಿ.

ಗೌಳಿ_ದೊಡ್ಡಿ

ಅಣ್ಣ ನಾವು ಮಂಡ್ಯ ಕಡೆಯೋರು, ಏಳು ಹಸ ಕಟ್ಟಿದೀವಿ. ಮನುಷ್ಯರದ್ದು ನಂಗೊತ್ತಿಲ್ಲ ಕಣಣ್ಣ, ಆದ್ರೆ ಕರೂಗೆ ಮಾತ್ರ ಗಿಣ್ಣು ಹಾಲು ತಪ್ಪುದ್ರೆ ಕತೆ ಮುಗೀತು. ಹುಟ್ಟಿ ಎರಡ್ ಗಂಟೆ ಒಳ್ಗೆ ಕುಡುಸ್ಬೇಕು, ಕರು ತೂಕದ ಹತ್ತರಲ್ಲಿ ಒಂದ್ ಭಾಗ ಲೆಕ್ಕ. ಒಂದ್ಸಲ ರಾತ್ರಿ ಹೊತ್ತು ಕರು ಹಾಕ್ತು, ಯಾರೂ ನೋಡ್ಲಿಲ್ಲ, ಬೆಳಗ್ಗೆ ಕುಡುಸುದ್ವಿ, ಐದನೇ ದಿನಕ್ಕೆ ಬೇದಿ ಹತ್ಕಂಡು ಹೋಯ್ತು. ವೆಟರ್ನರಿ ಡಾಕ್ಟ್ರು ಹೇಳುದ್ರು, ಕರೂಗೆ 24 ಗಂಟೆ ಆದ್ಮೇಲೆ ಕರುಳಿನ ಬಾಗ್ಲು ಮುಚ್ಕತದೆ, ಆಮೇಲೆ ಎಷ್ಟು ಗಿಣ್ಣು ಕುಡುಸುದ್ರೂ ರಕ್ತಕ್ಕೆ ಸೇರಲ್ಲ ಅಂತ. ಅದಕ್ಕೆ ಕೇಳ್ತೀನಿ, ಮಗೂಗೂ ಹಂಗೇನಾ?

ಇನ್ನೊಂದು ಮಾತು. ಹಸ ಕರು ಹಾಕುದ್ರೆ ಆ ಹಳದಿ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡಿ ಬೀದಿಗೆಲ್ಲ ಹಂಚ್ತೀವಿ. ಅದೇ ಹಳದಿ ಹಾಲು ಹೆಂಗಸ್ರು ಎದೇಲಿ ಬಂದ್ರೆ ಕೆಟ್ಟದ್ದು ಅಂತ ಚೆಲ್ಲುಸ್ತೀವಲ್ಲ, ಯಾವ ನ್ಯಾಯ ಇದು.

ಲ್ಯಾಬ್_ಕೋಟು

ಗೌಳಿಯವ್ರ ಪ್ರಶ್ನೆ ಒಳ್ಳೇದುಂಟು, ಅಲ್ಲಿಂದಲೇ ಶುರು ಮಾಡ್ತೇನೆ. ನಾನು ಇಮ್ಯುನಾಲಜಿ ಓದಿದವಳು, ಊರು ಪುತ್ತೂರು ಹತ್ರ, ಈಗ ಬೆಂಗಳೂರಲ್ಲಿ ಲ್ಯಾಬ್ ಕೆಲಸ. ಡಾಕ್ಟರ್ ಅಲ್ಲ, ಮಗು ನೋಡುವ ಡಾಕ್ಟರ್ ಹೇಳಿದ್ದೇ ಕೊನೆ ಮಾತು ಅಂತ ಮೊದಲೇ ಹೇಳಿಬಿಡ್ತೇನೆ.

ಇಲ್ಲ, ಮಗೂಗೆ ಕರುವಿನ ಹಾಗೆ ಅಲ್ಲ. ಹಸುವಿನ ಮಾಸು ಹೇಗುಂಟಂದ್ರೆ ಅದರ ಮೂಲಕ ತಾಯಿಯ ಆಂಟಿಬಾಡಿ ಹೊಟ್ಟೆಯ ಕರುವಿಗೆ ದಾಟುವುದೇ ಇಲ್ಲ, ಹುಟ್ಟುವಾಗ ಕರುವಿನ ರಕ್ತದಲ್ಲಿ ಐಜಿಜಿ, ಅಂದ್ರೆ ರಕ್ತದ ಮುಖ್ಯ ಆಂಟಿಬಾಡಿ, ಹೆಚ್ಚುಕಡಿಮೆ ಸೊನ್ನೆ. ಎಲ್ಲ ಗಿಣ್ಣಿನಿಂದಲೇ, ಅದೂ ಆ ಒಂದು ದಿನದ ಒಳಗೇ ಬರ್ಬೇಕು. ಮನುಷ್ಯರದ್ದು ಬೇರೆ. ನಮ್ಮಲ್ಲಿ ಐಜಿಜಿ ಬಸುರಿನಲ್ಲೇ ಮಾಸಿನ ಮೂಲಕ ದಾಟ್ತದೆ, ಕೊನೆಯ ಮೂರು ತಿಂಗಳಲ್ಲಿ ಜೋರಾಗಿ. ನಿಮ್ಮ ಮಗು 36 ವಾರ ಒಳಗಿತ್ತಲ್ಲ, ಪೂರ್ತಿ ದಿನ ತುಂಬಿದ ಮಗುವಿಗಿಂತ ಸ್ವಲ್ಪ ಕಡಿಮೆ ಇರ್ಬಹುದು, ಆದ್ರೆ ಅಮ್ಮನ ರಕ್ತದಿಂದ ದೊಡ್ಡ ಗಂಟನ್ನೇ ಕಟ್ಕೊಂಡು ಬಂದಿದೆ. ಆ ಗಂಟನ್ನ ಯಾರೂ ವಾಷ್‌ಬೇಸಿನ್‌ಗೆ ಹುಯ್ಯಲಿಲ್ಲ.

ಹಾಗಾದ್ರೆ ಹಾಲಲ್ಲಿ ಬರುವುದು ಎಂತ? ಮುಖ್ಯವಾಗಿ ಐಜಿಎ ಅಂತ ಇನ್ನೊಂದು ಆಂಟಿಬಾಡಿ, ಅದೂ ಸ್ರಾವದ ಐಜಿಎ ಅಂತ ಒಂದು ವಿಶೇಷ ಜಾತಿ, ಎರಡೆರಡು ಜೋಡಿಸಿ ಮೇಲೊಂದು ಪ್ರೋಟೀನ್ ಸುತ್ತಿದ ಹಾಗೆ ಇರ್ತದೆ, ಹೊಟ್ಟೆಯ ಆಮ್ಲಕ್ಕೆ, ಕರುಳಿನ ಕಿಣ್ವಕ್ಕೆ ಸುಲಭಕ್ಕೆ ಜಗ್ಗುವುದಿಲ್ಲ. ಸ್ವೀಡನ್ನಿನ ಲಾರ್ಸ್ ಹ್ಯಾನ್ಸನ್ ಅಂತ ಮಕ್ಕಳ ಡಾಕ್ಟರ್ 1961ರಲ್ಲಿ ತಾಯಿ ಹಾಲಲ್ಲಿ ಇದನ್ನ ಗುರುತಿಸಿದ್ದು. ಇದು ಮಗುವಿನ ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ಕರುಳಿನ ಒಳಗೋಡೆಗೆ ಬಳಿದ ಹಾಗೆ ನಿಲ್ತದೆ, ಬ್ಯಾಕ್ಟೀರಿಯಾ ಗೋಡೆಗೆ ಅಂಟದ ಹಾಗೆ ನೋಡ್ಕೊಳ್ತದೆ, ಅಷ್ಟೇ. ಹಾಗಾಗಿ ಬಾಗಿಲು ಮುಚ್ಚುವ ಲೆಕ್ಕ ಇಲ್ಲಿಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡಿ, ನಿಮ್ಮ ಮನೆಯವರಿಗೂ ತೋರಿಸಿ. ಮೊದಲ ಎರಡು ದಿನದ ಹಾಲಲ್ಲಿ ಐಜಿಎ ಲೀಟರಿಗೆ 10 ಗ್ರಾಂ ಆಚೀಚೆ ಅಂತ ಇಟ್ಕೊಳ್ಳಿ. ಆದ್ರೆ ಮೊದಲ ದಿನ ಬರುವ ಹಾಲೇ ಒಟ್ಟು 30-40 ಎಂಎಲ್, ಅಂದ್ರೆ ಮಗೂಗೆ ಸಿಗುವುದು ಸುಮಾರು 0.3-0.4 ಗ್ರಾಂ. ಕೆಲವು ವಾರ ಕಳೆದ ಮೇಲೆ ಹಾಲು ತೆಳು ಆಗ್ತದೆ, ಲೀಟರಿಗೆ 1 ಗ್ರಾಂ ಆಸುಪಾಸು, ಆದ್ರೆ ಮಗು ದಿನಕ್ಕೆ ಅರ್ಧ ಲೀಟರ್ ಮೇಲೆ ಕುಡೀತದೆ. ಅಲ್ಲಿಗೂ ಅರ್ಧ ಗ್ರಾಂ ಆಯ್ತು. ಗಟ್ಟಿ ಕಷಾಯ ಒಂದು ಒಳಲೆ ಕುಡಿದ್ರೂ, ತೆಳು ಮಾಡಿ ಒಂದು ತಂಬಿಗೆ ಕುಡಿದ್ರೂ ಒಳಗೆ ಹೋದ ಮದ್ದು ಅಷ್ಟೇ ಅಲ್ವಾ. ಮೊದಲ ದಿನದ್ದು ತಪ್ಪಿತು ನಿಜ, ತಪ್ಪಿದ್ದರಿಂದ ಏನೂ ನಷ್ಟ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ, ಆದ್ರೆ ಅಂಗಡಿ ಮುಚ್ಚಿಲ್ಲ.

ಕಣಗಳ ವಿಷಯ ಇನ್ನೂ ದೊಡ್ಡದುಂಟು, ರಾತ್ರಿ ಬರೀತೇನೆ.

ತೊಟ್ಟಿಲು_ತೂಗೋನು

ಮೇಡಂ ತುಂಬಾ ಥ್ಯಾಂಕ್ಸ್. ಆ ಲೆಕ್ಕ ಅವಳಿಗೆ ತೋರಿಸ್ದೆ, ಪೆನ್ ತಗೊಂಡು ಡೈಪರ್ ಪ್ಯಾಕೆಟ್ ಮೇಲೆ ಇನ್ನೊಂದ್ಸಲ ತಾನೇ ಮಾಡಿ ನೋಡಿದ್ಲು. ರಾತ್ರಿ ಪೋಸ್ಟಿಗೆ ಕಾಯ್ತಿರ್ತೀವಿ, ಹೇಗೂ ಎರಡು ಗಂಟೆಗೊಮ್ಮೆ ಎದ್ದಿರ್ತೀವಿ.

ಬೇರು_ನಾರು

ಇಷ್ಟೆಲ್ಲ ಇಂಗ್ಲಿಷ್ ವೈದ್ಯ ಯಾಕೆ. ನಮ್ಮಲ್ಲಿ ಹುಟ್ಟಿದ ತಕ್ಷಣ ಜೇನುತುಪ್ಪ ನೆಕ್ಕಿಸ್ತಾರೆ, ಬಜೆ ತೇದು ಹಾಕ್ತಾರೆ, ಅದ್ರಲ್ಲೇ ಎಲ್ಲ ಶಕ್ತಿ ಬರತ್ತೆ. ಮೊದಲ ಹಾಲು ತಪ್ಪಿದ್ರೆ ಹಸುವಿನ ಗಿಣ್ಣು ಹಾಲಿನ ಪೌಡರ್ ಕ್ಯಾಪ್ಸೂಲ್ ಆನ್‌ಲೈನಲ್ಲಿ ಸಿಗತ್ತೆ, ಅದನ್ನ ಬಿಡಿಸಿ ನೀರಲ್ಲಿ ಕಲಸಿ ಕೊಡಿ, ನಮ್ಮ ಪರಿಚಯದವ್ರು ಕೊಟ್ಟಿದಾರೆ.

ನೈಟ್_ಡ್ಯೂಟಿ

ಏ ಬ್ಯಾಡ್ರಿ ಯಪ್ಪಾ, ಕೈ ಮುಗೀತೀನಿ. ನಾ ಎನ್‌ಐಸಿಯು ಸಿಸ್ಟರ್ ಅದೀನ್ರಿ, ಹುಬ್ಬಳ್ಳಿ ಕಡೆ, 9 ವರ್ಷ ಆತು. ಜೇನುತುಪ್ಪ ಒಂದ ವರ್ಷದ ಒಳಗ ಕೊಡಬಾರದ್ರಿ, ಅದರಾಗ ಬೊಟುಲಿಸಂ ಮಾಡೋ ಬ್ಯಾಕ್ಟೀರಿಯಾದ ಬೀಜ ಇರಬಹುದು, ನಮ್ಮ ಹೊಟ್ಟ್ಯಾಗ ಅದು ಏನೂ ಮಾಡಂಗಿಲ್ಲ, ಕೂಸಿನ ಕರುಳಾಗ ಮೊಳಕಿ ಒಡದು ವಿಷ ಮಾಡ್ತದ, ಕೂಸು ಬಟ್ಟಿ ಗೊಂಬಿ ಹಂಗ ಜೋತು ಬೀಳ್ತದ. ಇನ್ನ ಹಸುವಿನ ಪೌಡರ್, 11 ದಿನದ ಕೂಸಿಗೆ, ಅದೂ ತಾಯಿ ಹಾಲು ಕುಡಿಯಾಕತ್ತಿದ್ದಕ್ಕ? ಏನ್ ತಲಿ ಓಡಸ್ತೀರಿ.

ತೊಟ್ಟಿಲು ಅಣ್ಣಾರ, ನಿಮ್ಮ ಆಸ್ಪತ್ರಿ ಯಾವ್ದೋ ನಂಗ ಬ್ಯಾಡ, ಆದ್ರ ನಿಮಗ ಹೇಳಬೇಕಿತ್ರಿ. ನಾವು ಏನ್ ಮಾಡ್ತೇವಿ ಅಂದ್ರ, ಹೆರಿಗಿ ಆಗಿ ತಾಯಿ ಸ್ವಲ್ಪ ಎದ್ದು ಕುಂತಕೂಡ್ಲೆ ಹೋಗಿ ಕೈಲೇ ಹಿಂಡಸ್ತೇವಿ. ಮೊದಲನೇ ದಿನ ಪಂಪ್ ಹಚ್ಚಿದ್ರ ಬರೋ ನಾಕ ಹನಿ ಅದರ ಪೈಪಿಗೇ ಅಂಟಿಕೊಂಡು ಕುಂತುಬಿಡ್ತದ, ಕೈಲೇ ಹಿಂಡಿದ್ರ ಚಮಚದಾಗ ಸಿಗ್ತದ. 1 ಎಂಎಲ್ ಸಿರಿಂಜಿನಾಗ, ಸೂಜಿ ಇಲ್ಲದ್ದು, ಎಳಕೊಂಡು ಕೂಸಿನ ಹಂತ್ಯಾಕ ಓಡೂದು. ಬಾಳ ಸಣ್ಣ ಕೂಸು, 900 ಗ್ರಾಂ, ಕಿಲೋ ಇದ್ದಾವು, ಅವಕ ಕುಡಿಯಾಕ ಬರಂಗಿಲ್ಲ, ಹೊಟ್ಟಿಗೂ ಇನ್ನ ಶುರು ಮಾಡಿರಂಗಿಲ್ಲ. ಅಂಥವಕ್ಕ ಈ ಗಲ್ಲದ ಒಳಗ 0.1 ಎಂಎಲ್, ಆ ಗಲ್ಲದ ಒಳಗ 0.1 ಎಂಎಲ್ ಹಚ್ಚತೇವಿ, ಎರಡ್ಮೂರು ತಾಸಿಗೊಮ್ಮಿ. ನುಂಗೂದಲ್ರಿ ಅದು, ಬಾಯಿ ಒಳಗಿನ ತೊಗಲಿಗೆ ಸವರೂದು. ಬಾಯಿ, ಗಂಟಲ ಸುತ್ತ ಇರೋ ರೋಗನಿರೋಧಕ ಕಣಗಳಿಗೆ ಹಾಲು ತಾಕಲಿ ಅಂತ. ಇದರಿಂದ ಕೂಸು ಲಗೂನ ಪೂರ್ತಿ ಹಾಲಿಗೆ ಬರ್ತದ ಅಂತ ಒಂದಿಷ್ಟು ಅಧ್ಯಯನ ಹೇಳ್ತಾವ, ಇನ್ಫೆಕ್ಷನ್ ತಪ್ಪಸ್ತದೇನು ಅಂದ್ರ ಎಲ್ಲಾರೂ ಒಂದ ಮಾತು ಹೇಳಂಗಿಲ್ಲ. ನಾ ನೋಡಿದ್ದು ಹೇಳ್ಲೇನು? ಸವರಿದ ಕೂಡ್ಲೆ ಆ ಇಟ್ಟ ಕೂಸು ನಾಲಿಗಿ ಹೊರಗ ಹಾಕಿ ಹುಡಕತದ್ರಿ. ತಾಯಿ ಕಾಜಿನ ಆಚೆ ನಿಂತು ಅದನ್ನ ನೋಡಿದ್ಲು ಅಂದ್ರ ಮುಂದಿನ ಸಲ ಹಾಲು ಒಂದಿಷ್ಟು ಜಾಸ್ತಿನ ಬರ್ತದ.

ಬೇರು_ನಾರು

ನಮ್ಮಜ್ಜಿ 11 ಮಕ್ಕಳಿಗೆ ಜೇನು ನೆಕ್ಕಿಸಿದ್ರು ಸಿಸ್ಟರ್, ಯಾರಿಗೂ ಏನೂ ಆಗಿಲ್ಲ.

ಗೌಳಿ_ದೊಡ್ಡಿ

11ರಲ್ಲಿ ಎಷ್ಟು ಉಳುದ್ವು ಅಂತ ಕೇಳುದ್ರೆ ಬೇಜಾರ್ ಮಾಡ್ಕಬ್ಯಾಡಿ. ನಮ್ಮಜ್ಜಿಗೆ 9, ಉಳುದಿದ್ದು 5.

ಲ್ಯಾಬ್_ಕೋಟು

ಊಟ ಆಯ್ತು, ಈಗ ಕೂತೆ. ಕಣಗಳ ಕಥೆ.

ಒಂದು ಹನಿ ಮೊದಲ ಹಾಲನ್ನ ಗಾಜಿನ ಪಟ್ಟಿ ಮೇಲೆ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕೊಬ್ಬಿನ ಗುಂಡುಗಳ ಮಧ್ಯೆ ದೊಡ್ಡ ದೊಡ್ಡ ಕಣ ಕಾಣ್ತದೆ, ಹೊಟ್ಟೆ ತುಂಬ ಕೊಬ್ಬು ನುಂಗಿಕೊಂಡು ನೊರೆ ನೊರೆ ಆಗಿರ್ತವೆ. 19ನೇ ಶತಮಾನದಲ್ಲೇ ಇದನ್ನ ನೋಡಿದ್ದರು, ಎಂತ ಅಂತ ಗೊತ್ತಿರಲಿಲ್ಲ. ಅವು ಮ್ಯಾಕ್ರೋಫೇಜ್, ಅಂದ್ರೆ ಕಂಡದ್ದನ್ನ ನುಂಗುವ ಬಿಳಿ ಕಣ. ಮೊದಲ ದಿನಗಳ ಹಾಲಲ್ಲಿ ಒಂದೊಂದು ಎಂಎಲ್‌ಗೆ ಲಕ್ಷಗಟ್ಟಲೆ ಬಿಳಿ ಕಣ ಇರ್ತವೆ, ಬಹುಪಾಲು ಮ್ಯಾಕ್ರೋಫೇಜ್ ಮತ್ತು ನ್ಯೂಟ್ರೋಫಿಲ್, ಸ್ವಲ್ಪ ಲಿಂಫೋಸೈಟ್. ತಮಾಷೆ ಎಂತದಂದ್ರೆ ರಕ್ತದಲ್ಲಿ ಇದ್ದ ಹಾಗೆ ಇವು ಹಾಲಲ್ಲಿ ಇರುವುದಿಲ್ಲ. ರಕ್ತದ ಮೋನೋಸೈಟ್‌ಗಿಂತ (ಮ್ಯಾಕ್ರೋಫೇಜ್ ಆಗುವ ಮೊದಲಿನ ರೂಪ) ಹಾಲಿನ ಮ್ಯಾಕ್ರೋಫೇಜ್ ಚುರುಕಾಗಿ ಓಡಾಡ್ತದೆ, ಅದೇ ನ್ಯೂಟ್ರೋಫಿಲ್ ರಕ್ತದಲ್ಲಿ ಇದ್ದದ್ದಕ್ಕಿಂತ ಮಂದ ಆಗಿರ್ತದೆ. ಹಾಲಲ್ಲಿ ಬರುವ ಟಿ ಸೆಲ್‌ಗಳಲ್ಲಿ (ಲಿಂಫೋಸೈಟ್‌ನದ್ದೇ ಒಂದು ಜಾತಿ) ಹೆಚ್ಚಿನವು ನೆನಪಿನ ಟಿ ಸೆಲ್, ಅಂದ್ರೆ ಅಮ್ಮ ಹಿಂದೆ ಕಂಡ ರೋಗಗಳ ಪರಿಚಯ ಇದ್ದವು. ಈ ಕಣಗಳು ಮಗುವಿನ ಕರುಳು ದಾಟಿ ಒಳಗೆ ಹೋಗಿ ನೆಲೆಸ್ತವೆ ಅಂತ ಇಲಿಗಳಲ್ಲಿ ತೋರಿಸಿದ್ದಾರೆ. ಮನುಷ್ಯರ ಮಗುವಿನಲ್ಲಿ ಅಷ್ಟು ಗಟ್ಟಿಯಾಗಿ ತೋರಿಸಿದ್ದಿಲ್ಲ, ಹಾಗಾಗಿ "ಅಮ್ಮನ ಸೈನಿಕರು ಮಗುವಿನ ರಕ್ತದಲ್ಲಿ ಕಾವಲು" ಅಂತ ಯಾರಾದ್ರೂ ಹೇಳಿದ್ರೆ ಪೂರ್ತಿ ನಂಬ್ಬೇಡಿ.

ಇದು ಅಮ್ಮನ ಕಣದ ವಿಷಯ. ಮಗುವಿನ ಸ್ವಂತ ಕಣಕ್ಕೆ ಹಾಲು ಎಂತ ಮಾಡ್ತದೆ ಅನ್ನುವುದೇ ನಿಮ್ಮ ಪ್ರಶ್ನೆ ಅಲ್ವಾ. ಎಲ್ಲರೂ ಹೇಳುವುದು "ಶಕ್ತಿ ಕೊಡ್ತದೆ, ಹೋರಾಡ್ಲಿಕ್ಕೆ ಕಲಿಸ್ತದೆ" ಅಂತ. ನನ್ನ ಕೇಳಿದ್ರೆ ಅದರಲ್ಲಿ ಅರ್ಧ ಮಾತ್ರ ಸರಿ. ಮೊದಲ ಹಾಲಿನ ದೊಡ್ಡ ಕೆಲಸ ಸುಮ್ಮನಿರ್ಲಿಕ್ಕೆ ಕಲಿಸುವುದು. ಯೋಚನೆ ಮಾಡಿ, ಹೊಟ್ಟೆಯೊಳಗೆ ಬ್ಯಾಕ್ಟೀರಿಯಾದ ಕಾಟ ಇಲ್ಲದೆ ಇದ್ದ ಮಗು, ಹೊರಗೆ ಬಂದ ಕೆಲವೇ ದಿನದಲ್ಲಿ ಕರುಳಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ. ಕರುಳಿನ ಗೋಡೆಯ ಕಣಗಳು ಪ್ರತಿಯೊಂದರ ಮೇಲೂ ಎಗರಿ ಬಿದ್ರೆ ಪೆಟ್ಟು ಬೀಳುವುದು ಸ್ವಂತ ಕರುಳಿಗೇ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಎನ್‌ಇಸಿ ಅಂತ ಕರುಳು ಕೊಳೆಯುವ ಕಾಯಿಲೆ ಬರ್ತದೆ, ಸಿಸ್ಟರಿಗೆ ಗೊತ್ತುಂಟು, ಅದರಲ್ಲಿ ಈ ಅತಿ ಸಿಟ್ಟಿನ ಪಾಲು ದೊಡ್ಡದು. ತಾಯಿ ಹಾಲು ಕುಡಿದ ಮಕ್ಕಳಲ್ಲಿ ಅದು ಕಡಿಮೆ.

ಸುಮ್ಮನಿರಿಸುವುದು ಹೇಗೆ? ಮೊದಲ ಹಾಲಲ್ಲಿ ಟಿಜಿಎಫ್ ಬೀಟಾ ಅಂತ ಒಂದು ಸಂದೇಶವಾಹಕ ಹೇರಳ ಇರ್ತದೆ. ಅದು ಮಗುವಿನ ಟಿ ಸೆಲ್‌ಗಳಲ್ಲಿ ಕೆಲವನ್ನ ನಿಯಂತ್ರಕ ಟಿ ಸೆಲ್ ಆಗುವ ದಾರಿಗೆ ತಳ್ತದೆ, ಅಂದ್ರೆ ಜಗಳ ಬಿಡಿಸುವವರು. ಮಗುವಿನ ಬಿ ಸೆಲ್, ಅಂದ್ರೆ ಆಂಟಿಬಾಡಿ ತಯಾರಿಸುವ ಕಣ, ತಾನೇ ಐಜಿಎ ಮಾಡ್ಲಿಕ್ಕೆ ಶುರು ಮಾಡುವುದಕ್ಕೂ ಅದರ ಸಹಾಯ ಬೇಕು. ಲ್ಯಾಕ್ಟೋಫೆರಿನ್ ಅಂತ ಇನ್ನೊಂದು, ಮೊದಲ ಹಾಲಲ್ಲಿ ಲೀಟರಿಗೆ 5 ಗ್ರಾಂ ಮೇಲೆಯೂ ಇರ್ತದೆ. ಅದು ಕಬ್ಬಿಣ ಕಟ್ಟಿಹಾಕಿ ಬ್ಯಾಕ್ಟೀರಿಯಾಕ್ಕೆ ಉಪವಾಸ ಹಾಕ್ತದೆ ಅಂತ ಎಲ್ಲ ಪುಸ್ತಕದಲ್ಲಿ ಉಂಟು, ಆದ್ರೆ ನನಗೆ ಇಷ್ಟ ಆದ ಕೆಲಸ ಬೇರೆ. ಸತ್ತ ಬ್ಯಾಕ್ಟೀರಿಯಾದ ಗೋಡೆಯ ಚೂರು ಕಂಡ್ರೆ ಸಾಕು, ಮಗುವಿನ ಮ್ಯಾಕ್ರೋಫೇಜ್ "ಕಳ್ಳ ಕಳ್ಳ" ಅಂತ ಬೊಬ್ಬೆ ಹಾಕ್ತದೆ. ಲ್ಯಾಕ್ಟೋಫೆರಿನ್ ಆ ಚೂರನ್ನೇ ಹಿಡಿದು ಮುಚ್ಚಿಡ್ತದೆ. ಬೊಬ್ಬೆ ಇಲ್ಲ, ಉರಿಯೂತವೂ ಇಲ್ಲ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯವ್ರದ್ದು 2021ರ ಒಂದು ಅಧ್ಯಯನ ಉಂಟು, ನಿಮ್ಮ ಕೇಸಿಗೆ ಹತ್ರ ಇದ್ದದ್ದು, ಯಾಕಂದ್ರೆ ಅದರಲ್ಲಿದ್ದ ಮಕ್ಕಳೆಲ್ಲ ಸಿಸೇರಿಯನ್ ಮಕ್ಕಳು. 38 ತಾಯಿ-ಮಗು ಜೋಡಿ, ಸಣ್ಣದೇ. ಹುಟ್ಟಿದಾಗ ಒಮ್ಮೆ, ಮೂರು ವಾರಕ್ಕೊಮ್ಮೆ ರಕ್ತ ನೋಡಿದ್ರು. ತಾಯಿ ಹಾಲು ಕುಡಿದವ್ರಲ್ಲಿ ಆ ಜಗಳ ಬಿಡಿಸುವ ಟಿ ಸೆಲ್‌ಗಳು ಫಾರ್ಮುಲಾ ಮಕ್ಕಳಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ಗಮನಿಸಿ, ಮೂರು ವಾರ. ನಿಮ್ಮದು ಇನ್ನೂ 11 ದಿನ.

ತೊಟ್ಟಿಲು_ತೂಗೋನು

ರಾತ್ರಿ 2:20ಕ್ಕೆ ಇಬ್ರೂ ಓದಿದ್ವಿ. "ಜಗಳ ಬಿಡಿಸೋ ಕಣ" ಅಂದಿದ್ದಕ್ಕೆ ಅವಳು ನಗ್ತಾ, ನಮ್ಮಿಬ್ರಿಗೂ ಒಂದೆರಡು ಬೇಕಿತ್ತು ಅಂದ್ಲು. ಒಂದು ಅರ್ಥ ಆಗ್ಲಿಲ್ಲ, ಹಾಗಿದ್ರೆ ಮೊದಲ ಒಂದು ಗಂಟೆ ಅಂತ ಸರ್ಕಾರದ ಪೋಸ್ಟರಲ್ಲೂ ಇರತ್ತಲ್ಲ, ಅದು ಯಾಕೆ?

ನೈಟ್_ಡ್ಯೂಟಿ

ಅದು ಸುಳ್ಳಲ್ರಿ. ಘಾನಾ ದೇಶದಾಗ ಹತ್ತು ಸಾವಿರಕ್ಕೂ ಜಾಸ್ತಿ ಕೂಸುಗಳನ್ನ ನೋಡಿ 2006ರಾಗ ಲೆಕ್ಕ ಹಾಕಿದ್ರು, ಎಲ್ಲಾ ಕೂಸಿಗೂ ಒಂದ ತಾಸಿನ ಒಳಗ ಎದಿ ಹಾಲು ಶುರು ಮಾಡಿದ್ರ ಅಲ್ಲಿ ನವಜಾತ ಸಾವಿನಾಗ 22% ತಪ್ಪಸಬಹುದಿತ್ತು ಅಂತ. ಆದ್ರ ಅದು ಊರಿಗೆ ಊರ ಲೆಕ್ಕ. ಮೊದಲ ತಾಸಿನ್ಯಾಗ ಎದಿಗೆ ಹಚ್ಚಿದ್ರ ಕೂಸು ಬೆಚ್ಚಗಿರ್ತದ, ಸಕ್ಕರಿ ನೀರು ಬೆಲ್ಲದ ನೀರು ಅಂತ ಹೊಲಸು ನೀರು ಹೊಟ್ಟಿಗೆ ಹೋಗಂಗಿಲ್ಲ, ಹಾಲು ಲಗೂ ಇಳೀತದ, ಎಲ್ಲಾ ಸೇರಿ ಅಷ್ಟು. ನಿಮ್ಮ ಕೂಸು ವಾರ್ಮರ್ ಕೆಳಗ ಇತ್ತು. ತಪ್ಪಿದ್ರ ಜೀವನ ಪೂರ್ತಿ ಶಕ್ತಿ ಇಲ್ಲ ಅಂತ ಆ ಅಧ್ಯಯನದಾಗ ಎಲ್ಲೂ ಬರದಿಲ್ಲ.

ಮತ್ತ ಇನ್ನೊಂದು, ನಿಮಗೊಬ್ರಿಗೆ ತಪ್ಪಿದ್ದಲ್ಲ ಇದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಐದನೇದ್ರಾಗ ನಮ್ಮ ದೇಶದ ಮಕ್ಕಳಲ್ಲಿ ಮೊದಲ ತಾಸಿನ್ಯಾಗ ಎದಿ ಹಾಲು ಸಿಕ್ಕಿದ್ದು 41.8% ಮಕ್ಕಳಿಗಷ್ಟ. ಆಸ್ಪತ್ರ್ಯಾಗ ಹೆರಿಗಿ ಮಾಡಸೋದ ಹೆಚ್ಚಾತು, ಇದು ಹೆಚ್ಚಾಗ್ಲಿಲ್ಲ. ತಪ್ಪು ನಮ್ಮದೂ ಐತ್ರಿ, ಆಪರೇಷನ್ ಥೇಟರಿನಾಗ ಯಾರಿಗೆ ಪುರಸೊತ್ತಿರ್ತದ.

ನ್ಯೂಜೆರ್ಸಿ_ಪುಟ್ಟಿ

ಮಧ್ಯೆ ಬಾಯಿ ಹಾಕ್ತಿದೀನಿ ಸಾರಿ. ನಂಗೀಗ 33 ವಾರ, ಗರ್ಭಿಣಿ ಶುಗರ್ ಇದೆ, ಡಯಟ್ ಮೇಲಿದೀನಿ. ಶುಗರ್ ಇರೋ ತಾಯಂದಿರ ಮೊದಲ ಹಾಲಿನ ಕಣಗಳು ಸರಿಯಾಗಿ ಕೆಲಸ ಮಾಡಲ್ಲ ಅಂತ ಎಲ್ಲೋ ಓದ್ದೆ, ನಿಜಾನಾ? ಅಮ್ಮ ಊರಿಂದ ಬರೋದು 38ನೇ ವಾರಕ್ಕೆ, ಇಲ್ಲಿ ಕೇಳೋಕೆ ಯಾರೂ ಇಲ್ಲ.

ಲ್ಯಾಬ್_ಕೋಟು

ಪುಟ್ಟಿ, ಅದು ಬ್ರೆಜಿಲ್‌ನ ಒಂದು ಗುಂಪಿನ ಕೆಲಸ ಇರ್ಬೇಕು. ಅವ್ರು ಮೊದಲ ಹಾಲಿನಿಂದ ನುಂಗುವ ಕಣಗಳನ್ನ ಬೇರೆ ಮಾಡಿ, ಬೇದಿ ತರಿಸುವ ಇ. ಕೋಲಿ ಜೊತೆ ಬಿಟ್ಟು, ಎಷ್ಟು ನುಂಗ್ತವೆ, ಎಷ್ಟು ಕೊಲ್ತವೆ ಅಂತ ಎಣಿಸಿದ್ರು. ಬ್ಯಾಕ್ಟೀರಿಯಾಕ್ಕೆ ಹಾಲಿನ ಐಜಿಎ ಅಂಟಿದ್ರೆ ಕಣಗಳು ಚೆನ್ನಾಗಿ ಕೊಲ್ತವೆ. ಶುಗರ್ ಇದ್ದ ತಾಯಂದಿರ ಕಣಗಳಲ್ಲಿ ಆ ಕೆಲಸ ಮಂದ ಇತ್ತು, ಅದು ನಿಜ. ಆದ್ರೆ ಅದು ಲ್ಯಾಬಿನ ಪ್ಲೇಟಿನ ಮೇಲೆ ನಡೆದದ್ದು ಮಾರಾಯ್ತಿ. ಮಂದ ಅಂದ್ರೆ ಇಲ್ಲ ಅಂತ ಅಲ್ಲ, ಉಳಿದ ಐಜಿಎ, ಲ್ಯಾಕ್ಟೋಫೆರಿನ್, ತಾಯಿ ಹಾಲಿನ ವಿಶೇಷ ಸಕ್ಕರೆಗಳು ಎಲ್ಲ ನಿನ್ನ ಹಾಲಲ್ಲೂ ಇರ್ತವೆ, ಡಬ್ಬದಲ್ಲಿ ಆ ಕಣ ಮಂದವೂ ಇಲ್ಲ ಚುರುಕೂ ಇಲ್ಲ, ಇಲ್ಲವೇ ಇಲ್ಲ. ಶುಗರ್ ಹಿಡಿತದಲ್ಲಿ ಇಟ್ಕೊ, ಹಾಲು ಕೊಡು.

ಮತ್ತೊಂದು ಉಪಯೋಗದ ವಿಷಯ. ಶುಗರ್ ತಾಯಂದಿರ ಮಕ್ಕಳಿಗೆ ಹುಟ್ಟಿದ ಕೂಡಲೇ ಸಕ್ಕರೆ ಇಳಿಯುವ ಭಯ ಇರ್ತದೆ, ಆಗಲೇ ಡಬ್ಬ ತೆರೆಯುವುದು. ಆಸ್ಟ್ರೇಲಿಯಾದ ಮೆಲ್ಬರ್ನ್ ಕಡೆ 600ಕ್ಕೂ ಹೆಚ್ಚು ಹೆಂಗಸರಲ್ಲಿ ಪ್ರಯೋಗ ಮಾಡಿದ್ರು, 2017ರಲ್ಲಿ ಬಂತು. ಬೇರೆ ತೊಂದರೆ ಇಲ್ಲದ ಶುಗರ್ ಬಸುರಿಯರು 36ನೇ ವಾರದಿಂದ ದಿನಕ್ಕೆ ಎರಡು ಸಲ ಕೈಯಲ್ಲಿ ಹಿಂಡಿ ಸಿರಿಂಜಲ್ಲಿ ಫ್ರೀಜರಿನಲ್ಲಿಟ್ರು. ಮಗುವಿಗೆ ಅಪಾಯ ಹೆಚ್ಚಾಗಲಿಲ್ಲ, ಹುಟ್ಟಿದ ಮೇಲೆ ಕೊಡ್ಲಿಕ್ಕೆ ಸ್ವಂತ ಹಾಲು ಕೈಯಲ್ಲಿತ್ತು. ಫ್ರೀಜ್ ಮಾಡಿದ್ರೆ ಜೀವಂತ ಕಣ ಸಾಯ್ತವೆ, ಐಜಿಎ ಬಹುಪಾಲು ಉಳೀತದೆ. ನಿನ್ನ ಡಾಕ್ಟರನ್ನ ಕೇಳಿಯೇ ಮಾಡು, 36ಕ್ಕಿಂತ ಮುಂಚೆ ಬೇಡ.

ಒಳಲೆ_ಚಮಚ

ಲ್ಯಾಬ್ ಮೇಡಂ, "ಡಬ್ಬದಲ್ಲಿ ಇಲ್ಲವೇ ಇಲ್ಲ" ಅಂದ್ರಲ್ಲ, ನನ್ನಂಥೋರು ಅದನ್ನ ಓದ್ತಿರ್ತೀವಿ ಅಂತ ನೆನಪಿರ್ಲಿ.

ಲ್ಯಾಬ್_ಕೋಟು

ನಿಮ್ಮ ಮಾತು ಸರಿ, ತಪ್ಪಾಯ್ತು. ಡಬ್ಬದ ಹಾಲು ಕುಡಿದ ಮಗುವಿಗೆ ಇಮ್ಯುನಿಟಿ ಇಲ್ಲ ಅಂತ ನಾನು ಹೇಳುವುದಿಲ್ಲ, ಅದು ಸುಳ್ಳು. ನಿಮ್ಮ ಮಗನಿಗೂ ಮಾಸಿನ ಐಜಿಜಿ ಬಂದಿತ್ತು, ಅವನ ಮೂಳೆಮಜ್ಜೆ, ಟಿ ಸೆಲ್ ತಯಾರಾಗುವ ಥೈಮಸ್ ಎಲ್ಲ ಅವನದ್ದೇ, ಲಸಿಕೆ ಹಾಕಿಸಿದ್ದೀರಿ, ಮಣ್ಣಲ್ಲಿ ಆಡಿದ್ದಾನೆ. ಹಾಲಿಲ್ಲದಿದ್ರೂ ಆ ಕಣಗಳು ಕಲೀತವೆ, ಮೊದಲ ತಿಂಗಳುಗಳಲ್ಲಿ ದಾರಿ ಸ್ವಲ್ಪ ಬೇರೆ ಆಗ್ತದೆ, ಬೇದಿ, ಕಿವಿ ಸೋಂಕು ಸ್ವಲ್ಪ ಜಾಸ್ತಿ ಕಾಣ್ತದೆ. ಗೇಟ್ ಹತ್ತುವುದಕ್ಕೆ ಅಡ್ಡಿ ಇಲ್ಲ.

ಗೌಳಿ_ದೊಡ್ಡಿ

ಮೇಡಂ ಒಂದ್ ಡೌಟು. ಹಾಲಲ್ಲಿ ರೋಗ ತಡೆಯೋ ಶಕ್ತಿ ಐತೆ ಅಂತ ಮೊದ್ಲು ಕಂಡು ಹಿಡುದಿದ್ದು ಯಾರು? ನಮ್ ಹಳ್ಳೀಲಿ ಹಸ ಕಟ್ಟೋರಿಗೆ ಮೊದ್ಲಿಂದ ಗೊತ್ತಿತ್ತಲ್ವಾ ಅಂತ.

ಲ್ಯಾಬ್_ಕೋಟು

ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಜರ್ಮನಿಯ ಪಾಲ್ ಎರ್ಲಿಖ್ 1892ರಲ್ಲಿ ತೋರಿಸಿದ ರೀತಿ ನಿಮಗೆ ಇಷ್ಟ ಆಗ್ತದೆ, ಯಾಕಂದ್ರೆ ಅವ್ನು ಬಳಸಿದ್ದು ನಮ್ಮ ಬೇಲಿಯ ಸಾಮಾನು. ಹರಳು ಬೀಜದಲ್ಲಿ ರೈಸಿನ್ ಅಂತ ವಿಷ, ಗುಲಗಂಜಿಯಲ್ಲಿ ಏಬ್ರಿನ್ ಅಂತ ವಿಷ. ಇಲಿಗಳಿಗೆ ಚೂರು ಚೂರೇ ತಿನ್ನಿಸಿ ವಿಷ ತಡೆಯುವ ಹಾಗೆ ಮಾಡಿದ. ಆಮೇಲೆ ಮರಿಗಳನ್ನ ಅದಲು ಬದಲು ಮಾಡಿದ, ಸಾಮಾನ್ಯ ಇಲಿಗೆ ಹುಟ್ಟಿದ ಮರಿಯನ್ನ ವಿಷ ತಡೆಯುವ ಇಲಿಯ ಹಾಲಿಗೆ ಬಿಟ್ಟ. ಆ ಮರಿಗಳು ವಿಷ ತಡೆದುಕೊಂಡವು. ಹೆತ್ತವಳಿಂದ ಬಾರದ್ದು ಹಾಲುಣಿಸಿದವಳಿಂದ ಬಂತು. 1908ರಲ್ಲಿ ಅವನಿಗೆ ನೊಬೆಲ್ ಬಂತು, ಇದೊಂದಕ್ಕೇ ಅಲ್ಲ, ಇಮ್ಯುನಿಟಿಯ ಒಟ್ಟು ಕೆಲಸಕ್ಕೆ. ಇಲಿಯ ಕರುಳು ಸ್ವಲ್ಪ ಕರುವಿನ ಹಾಗೆ, ಕೆಲವು ದಿನ ಆಂಟಿಬಾಡಿಯನ್ನ ರಕ್ತಕ್ಕೆ ಬಿಟ್ಕೊಳ್ತದೆ, ಅದಕ್ಕೇ ಅಷ್ಟು ಚೆಂದ ಕಂಡದ್ದು.

ಬೇರು_ನಾರು

ಗುಲಗಂಜಿ ಹರಳು ಅಂದ್ರೆ ನಾಟಿ ವೈದ್ಯವೇ ಆಯ್ತಲ್ಲ 😄

ನೈಟ್_ಡ್ಯೂಟಿ

ನೀವು ಅದನ್ನ ಮನ್ಯಾಗ ಮಾಡಾಕ ಹೋಗಬ್ಯಾಡ್ರಿ ಮತ್ತ.

ನ್ಯೂಜೆರ್ಸಿ_ಪುಟ್ಟಿ

ಮಿಲ್ಕ್ ಬ್ಯಾಂಕ್ ಹಾಲಲ್ಲಿ ಈ ಕಣ ಎಲ್ಲ ಇರತ್ತಾ? ಇಲ್ಲಿ ಆಸ್ಪತ್ರೇಲಿ ಬೇಕಾದ್ರೆ ಕೊಡ್ತೀವಿ ಅಂದ್ರು.

ನೈಟ್_ಡ್ಯೂಟಿ

ಇರಂಗಿಲ್ಲ ತಂಗಿ. ದಾನದ ಹಾಲನ್ನ 62.5 ಡಿಗ್ರಿಗೆ ಅರ್ಧ ತಾಸು ಕಾಯಸ್ತಾರ, ವೈರಸ್ ಬ್ಯಾಕ್ಟೀರಿಯಾ ಸಾಯಲಿ ಅಂತ, ಅದರ ಕೂಡ ಜೀವಂತ ಕಣಗಳೂ ಸಾಯ್ತಾವ. ಐಜಿಎ ಬಾಳಷ್ಟು ಉಳೀತದ, ಲ್ಯಾಕ್ಟೋಫೆರಿನ್ ಹೆಚ್ಚಿಂದು ಹೋಗ್ತದ, ಸಕ್ಕರಿಗಳಿಗೆ ಏನೂ ಆಗಂಗಿಲ್ಲ. ಆದ್ರೂ ಸಣ್ಣ ಕೂಸಿನ ಕರುಳಿಗೆ ಡಬ್ಬಿಗಿಂತ ಅದ ಚೊಲೊ, ಎನ್‌ಇಸಿ ಕಮ್ಮಿ. ನಮ್ಮ ದೇಶದಾಗ ಮುಂಬೈ ಸಯಾನ್ ಆಸ್ಪತ್ರ್ಯಾಗ 1989ರಾಗ ಶುರು ಆತು, ಏಷ್ಯಾದಾಗನ ಮೊದಲ್ನೇದಂತ. ಮೊದಲ ತಾಯಿದು, ಅದಿಲ್ಲಂದ್ರ ಬ್ಯಾಂಕಿಂದು, ಅದೂ ಇಲ್ಲಂದ್ರ ಡಬ್ಬಿ. ನಾವು ಹಿಂಗ ಹೋಗ್ತೇವಿ.

ಲ್ಯಾಬ್_ಕೋಟು

ಸಿಸ್ಟರ್ ಹೇಳಿದ ಆ ಸಕ್ಕರೆಗಳ ಬಗ್ಗೆ ಎರಡು ಮಾತು, ಆಮೇಲೆ ನಾನು ಸುಮ್ಮನಾಗ್ತೇನೆ. ತಾಯಿ ಹಾಲಲ್ಲಿ 200ಕ್ಕೂ ಹೆಚ್ಚು ಬಗೆಯ ಉದ್ದುದ್ದ ಸಕ್ಕರೆ ಸರಪಳಿ ಇರ್ತದೆ, ಮೊದಲ ಹಾಲಲ್ಲಿ ದಟ್ಟ, ಲೀಟರಿಗೆ 20 ಗ್ರಾಂವರೆಗೂ. ಮಗುವಿಗೆ ಅದನ್ನ ಅರಗಿಸ್ಲಿಕ್ಕೇ ಆಗುವುದಿಲ್ಲ! ಅಮ್ಮ ಅಷ್ಟು ಕಷ್ಟಪಟ್ಟು ಮಾಡಿದ್ದು ಮಗುವಿಗಲ್ಲ, ಮಗುವಿನ ಕರುಳಲ್ಲಿರುವ ಬೈಫಿಡೋ ಬ್ಯಾಕ್ಟೀರಿಯಾಕ್ಕೆ. ಮನೆಗೆ ಬಂದ ನೆಂಟರಿಗೆ ಬೇರೆ ಅಡುಗೆ ಮಾಡಿದ ಹಾಗೆ. ಆ ನೆಂಟರು ಉಂಡು ಸುಮ್ಮನೆ ಹೋಗುವುದಿಲ್ಲ, ಇಂಡೋಲ್ ಜಾತಿಯ ಒಂದು ಪದಾರ್ಥ ಬಿಡ್ತವೆ, ಅದು ಅಲರ್ಜಿ ಕಡೆಗೆ, ಉರಿಯೂತದ ಕಡೆಗೆ ವಾಲುವ ಟಿ ಸೆಲ್‌ಗಳನ್ನ ತಣ್ಣಗೆ ಮಾಡ್ತದೆ ಅಂತ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರ ಗುಂಪು 2021ರಲ್ಲಿ ತೋರಿಸಿತು. ಇದು ಒಂದು ಗಂಟೆಯ ಕೆಲಸವೂ ಅಲ್ಲ, ಒಂದು ದಿನದ್ದೂ ಅಲ್ಲ, ತಿಂಗಳುಗಟ್ಟಲೆ ನಡೆಯುವ ಕೆಲಸ.

ಮತ್ತೆ ಅಮ್ಮನಿಗೆ ಅಥವಾ ಮಗುವಿಗೆ ನೆಗಡಿ ಜ್ವರ ಬಂದಾಗ ಹಾಲಲ್ಲಿ ಬಿಳಿ ಕಣ ಸರ್ರನೆ ಏರ್ತದೆ, ಗುಣ ಆದ ಮೇಲೆ ಇಳೀತದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 2013ರಲ್ಲಿ ಅಳತೆ ಮಾಡಿದ್ದಾರೆ, ಆರೋಗ್ಯ ಚೆನ್ನಾಗಿದ್ದಾಗ ಹಾಲಿನ ಕಣಗಳಲ್ಲಿ ಬಿಳಿ ಕಣ 2% ಒಳಗೆ ಇರ್ತದೆ, ಸೋಂಕು ಬಂದಾಗ ಎಷ್ಟೋ ಪಟ್ಟು. ಹಾಗಾಗಿ ಜ್ವರ ಬಂದ್ರೆ ಹಾಲು ನಿಲ್ಲಿಸು ಅಂತ ಯಾರಾದ್ರೂ ಹೇಳಿದ್ರೆ ಡಾಕ್ಟರನ್ನ ಕೇಳದೆ ನಿಲ್ಲಿಸ್ಬೇಡಿ. ಮತ್ತೆ ಹಾಲು ಉಂಟಲ್ಲ ಅಂತ ಲಸಿಕೆ ಬಿಡುವುದೂ ಬೇಡ, 6, 10, 14 ವಾರದ್ದು ಕ್ಯಾಲೆಂಡರಲ್ಲಿ ಗುರುತು ಹಾಕಿ. ಹಾಲಿನ ಐಜಿಎ ಕರುಳಿನ ಬಾಗಿಲಲ್ಲಿ, ನಾಯಿಕೆಮ್ಮು ಬರುವುದು ಬೇರೆ ಬಾಗಿಲಿಂದ.

ತೊಟ್ಟಿಲು_ತೂಗೋನು

ಎಲ್ರಿಗೂ ಒಟ್ಟಿಗೆ ಉತ್ತರ ಕೊಡ್ತಿದೀನಿ, ಒಂದ್ ಕೈಲಿ ಮಗು ಇದೆ, ಟೈಪಿಂಗ್ ತಪ್ಪಿದ್ರೆ ಕ್ಷಮಿಸಿ. ಇವತ್ತು ತೂಕ ಹಾಕಿಸ್ದೆ, ಹುಟ್ಟಿದಾಗ 2.42 ಕೆಜಿ ಇತ್ತು, ಮಧ್ಯ 2.28ಕ್ಕೆ ಇಳಿದಿತ್ತು, ಈಗ 2.51. ಡಾಕ್ಟರು ಪೌಡರ್ ಹಾಲು ಪೂರ್ತಿ ನಿಲ್ಲಿಸ್ಬಹುದು ಅಂದ್ರು.

ದೊಡ್ಡಮ್ಮನಿಗೆ ಗೌಳಿಯವ್ರ ಪೋಸ್ಟ್ ಓದಿ ಹೇಳ್ದೆ. ಬೈಕೋತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ನನ್ ಮೊದಲ್ನೇದಕ್ಕೆ ನಮ್ಮತ್ತೆ ಮೂರು ದಿನ ಎದೆಗೇ ಹಾಕ್ಸಿರ್ಲಿಲ್ಲ ಕಣೋ, ಬರೀ ಸಕ್ಕರೆ ನೀರು" ಅಂದ್ರು. ಆ ಮಗು ಉಳೀಲಿಲ್ಲ ಅಂತ ನಮ್ಗೆ ಗೊತ್ತೇ ಇರ್ಲಿಲ್ಲ. ಇವಳೂ ಇಲ್ಲೇ ಇದ್ಲು, ಎದ್ದು ಹೋಗಿ ಅವರ ಪಕ್ಕ ಕೂತ್ಕೊಂಡ್ಲು.

ನಾಯಿಕೆಮ್ಮಿನ ಇಂಜೆಕ್ಷನ್ ಡೇಟ್ ಗುರುತು ಹಾಕ್ದೆ. ರಾತ್ರಿ ಅಳೋದು ಪೂರ್ತಿ ನಿಂತಿದೆ ಅಂತಲ್ಲ, ನಿನ್ನೆ ಒಂದ್ಸಲ ಇತ್ತು.

ನೈಟ್_ಡ್ಯೂಟಿ

ದೊಡ್ಡಮ್ಮಾರಿಗೆ ನನ್ನ ನಮಸ್ಕಾರ ಹೇಳ್ರಿ. ತಂಗಿ ಅಳೂದು ಎರಡ ವಾರ ಮೇಲೂ ಹಂಗ ಇದ್ರ ಡಾಕ್ಟರಿಗೆ ಹೇಳ್ರಿ, ಬಾಣಂತಿಗೂ ನೋಡಬೇಕಾಗ್ತದ, ಬರೇ ಕೂಸಿಗಲ್ಲ.

ಗೌಳಿ_ದೊಡ್ಡಿ

2.51 ಅಂದ್ರೆ ಚೆನ್ನಾಗ್ ಏರೈತೆ ಅಣ್ಣ. ಹೆಸ್ರು ಏನಿಟ್ರಿ?

ತೊಟ್ಟಿಲು_ತೂಗೋನು

ಇನ್ನೂ ಇಟ್ಟಿಲ್ಲ ಅಣ್ಣ, ಅದ್ರದ್ದೇ ಬೇರೆ ಜಗಳ ನಡೀತಿದೆ.